ಫಿಶ್ ಫೈಂಡರ್ ಕೊಳ್ಳಹೊರಟ ನಾಡದೋಣಿಯವರಿಗೆ

ಗಂಗೊಳ್ಳಿ, ಮರವಂತೆ, ಕೊಡೇರಿ, ಉಪ್ಪುಂದ, ಶಿರೂರು, ಅಳ್ವೆಕೋಡಿಯ ನಾಡದೋಣಿ ಮೀನುಗಾರ ಬಂಧುಗಳೇ,

ಮಳೆಗಾಲದ ಮೀನುಗಾರಿಕೆಗೆ ದೋಣಿ ಸಜ್ಜು ಮಾಡುವ ಹೊತ್ತು ಬಂತು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್, ಪರ್ಸೀನ್ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ. ಆ 61 ದಿನ ಕಡಲು ನಿಮ್ಮದು. ತೂಫಾನ್ ಎದ್ದು ಇಳಿದ ಮೇಲೆ ಸಿಗುವ ನಾಲ್ಕು ಒಳ್ಳೆಯ ದಿನಗಳಲ್ಲೇ ವರ್ಷದ ಸಾಲ ತೀರಬೇಕು. ಹಾಗಾಗಿ ಈ ಬಾರಿ ದೋಣಿಗೊಂದು ಫಿಶ್ ಫೈಂಡರ್ ಹಾಕಿಸೋಣ ಅಂತ ನನ್ನ ಅಂಗಡಿಗೆ ವಿಚಾರಿಸಲು ಬರುವವರು ಹೆಚ್ಚಾಗಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಬಂದವರೆಲ್ಲ ಮೊದಲು ಕೇಳುವುದು ಸ್ಕ್ರೀನ್ ಎಷ್ಟು ಇಂಚಿನದು ಅಂತ. ಎರಡನೆಯದು, ಎಷ್ಟು ಆಳದವರೆಗೆ ಕಾಣುತ್ತದೆ ಅಂತ. ಈ ಎರಡೂ ಪ್ರಶ್ನೆಗಳನ್ನು ಕೊನೆಗಿಡಿ ಎನ್ನುವುದೇ ನನ್ನ ಮಾತು. ಮೀನು ಹುಡುಕುವ ಕೆಲಸ ಮಾಡುವುದು ಸ್ಕ್ರೀನ್ ಅಲ್ಲ, ನೀರಿಗಿಳಿಯುವ ಮುಷ್ಟಿ ಗಾತ್ರದ ಕಪ್ಪು ತುಂಡು. ಅದಕ್ಕೆ ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಅದು ಎಂಥದ್ದು, ಅದನ್ನು ದೋಣಿಯಲ್ಲಿ ಎಲ್ಲಿ, ಹೇಗೆ ಕೂರಿಸುತ್ತೀರಿ ಎನ್ನುವುದಕ್ಕೆ ಮೊದಲು ದುಡ್ಡು ತೆಗೆದಿಡಿ. ಆಮೇಲೆ ಬ್ಯಾಟರಿಗೆ. ಉಳಿದದ್ದರಲ್ಲಿ ಸ್ಕ್ರೀನ್.

ಇದು ಕೆಲಸ ಮಾಡುವ ಬಗೆ ಕಷ್ಟದ್ದೇನಲ್ಲ. ಆ ತುಂಡು ನಮ್ಮ ಕಿವಿಗೆ ಕೇಳಿಸದಷ್ಟು ಏರುಶ್ರುತಿಯ ಸದ್ದನ್ನು ಕೆಳಕ್ಕೆ ಬಿಡುತ್ತದೆ. ಕಡಲ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 10 ಮಾರು ನೀರಿನ ತಳ ಮುಟ್ಟಿ ವಾಪಸ್ ಬರಲು ಅದಕ್ಕೆ ಸೆಕೆಂಡಿನ ನಲವತ್ತನೇ ಒಂದು ಪಾಲು ಸಾಕು. ಹೋಗಿ ಬಂದ ಹೊತ್ತನ್ನು ಅಳೆದು ಯಂತ್ರ ಆಳ ಹೇಳುತ್ತದೆ. ನಡುವೆ ಏನಾದರೂ ಅಡ್ಡ ಸಿಕ್ಕಿದರೆ ಅಲ್ಲಿಂದಲೂ ಸದ್ದು ಮರಳುತ್ತದೆ, ಅದನ್ನು ಚುಕ್ಕೆಯಾಗಿ ತೋರಿಸುತ್ತದೆ. ಜಪಾನಿನ ನಾಗಸಾಕಿ ಸೀಮೆಯ ಫುರುನೊ ಸಹೋದರರು ಆಳ ಅಳೆಯುವ ಯಂತ್ರವನ್ನೇ ಪಳಗಿಸಿ 1948ರಲ್ಲಿ ಮೀನುಗಾರರಿಗೆಂದು ಮಾರಾಟಕ್ಕೆ ತಂದರು. ಅಂದಿನಿಂದ ಯಂತ್ರ ಎಷ್ಟೇ ಬದಲಾದರೂ ಅದರ ಮೂಲ ಕೆಲಸ ಆಳ ಅಳೆಯುವುದೇ. ನಿಮ್ಮ ಮೊದಲ ಯಂತ್ರವನ್ನೂ ಅದಕ್ಕೆಂದೇ ಕೊಳ್ಳಿ: ಎಷ್ಟು ಮಾರು ನೀರು, ಕೆಳಗೆ ಕೆಸರೋ ಹೊಯ್ಗೆಯೋ ಕಲ್ಲೋ ತಿಳಿಯುವುದಕ್ಕೆ. ಅಷ್ಟು ಗೊತ್ತಾದರೆ ಅಲ್ಲಿ ಯಾವ ಮೀನು ಇರಬಹುದು ಎಂದು ಹೇಳುವ ಅನುಭವ ನಿಮ್ಮಲ್ಲೇ ಇದೆ.

ಹಾಗೆಯೇ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಪರ್ಸೀನ್ ಬೋಟಿನವರು ದೂರದಲ್ಲಿರುವ ಮೀನಿನ ಹಿಂಡನ್ನು ನೋಡಿ ಬಲೆ ಸುತ್ತುವುದನ್ನು ಕಂಡು ನಮಗೂ ಹಾಗೆ ಕಾಣುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ದೊಡ್ಡ ಬೋಟುಗಳಲ್ಲಿರುವುದು ಸುತ್ತಲೂ ನೋಡುವ ಸೋನಾರ್. ಅದಕ್ಕೆ ಲಕ್ಷಗಟ್ಟಲೆ ಬೇಕು. ನೀವು ಕೊಳ್ಳುವ ಯಂತ್ರ ದೋಣಿಯ ಕೆಳಗೆ ಮಾತ್ರ ನೋಡುತ್ತದೆ, ಅದೂ ರಾತ್ರಿ ನೆಲಕ್ಕೆ ಬಿಟ್ಟ ಟಾರ್ಚ್ ಬೆಳಕಿನಂತೆ, ಮೇಲೆ ಕಿರಿದು, ಕೆಳಗೆ ಹೋದಂತೆ ಅಗಲ. 20 ಡಿಗ್ರಿ ಕೋನದ ಟ್ರಾನ್ಸ್‌ಡ್ಯೂಸರ್ ಆದರೆ ತಳದಲ್ಲಿ ಅದು ನೋಡುವ ವೃತ್ತದ ಅಗಲ ಆಳದ ಮೂರನೇ ಒಂದು ಪಾಲು. 10 ಮಾರು ನೀರಿನಲ್ಲಿ ಮೂರೂವರೆ ಮಾರು, ಅಷ್ಟೇ. ದೋಣಿಯ ಪಕ್ಕದಲ್ಲಿ ಐದು ಮಾರು ಆಚೆ ಬೂತಾಯಿಯ ಹಿಂಡೇ ಹಾದುಹೋದರೂ ಅದಕ್ಕೆ ಗೊತ್ತಾಗುವುದಿಲ್ಲ. ನೀರಿನ ಬಣ್ಣ, ಹಕ್ಕಿ, ಮೀನು ಕುಪ್ಪಳಿಸುವುದನ್ನು ನೋಡುವ ನಿಮ್ಮ ಕಣ್ಣಿನ ಕೆಲಸ ಹಾಗೇ ಉಳಿಯುತ್ತದೆ.

ಇನ್ನು ಕೊಳ್ಳುವಾಗ ನೋಡಬೇಕಾದ್ದು. ಡಬ್ಬಿಯ ಮೇಲೆ 50, 77, 83, 200 ಕಿಲೋಹರ್ಟ್ಜ್ ಅಂತೆಲ್ಲ ಬರೆದಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಸದ್ದು ಆಳಕ್ಕೆ ಹೋಗುತ್ತದೆ, ಅಗಲವಾಗಿ ಹರಡುತ್ತದೆ, ಆದರೆ ವಿವರ ಕಡಿಮೆ. ಹೆಚ್ಚಾದಷ್ಟೂ ವಿವರ ಹೆಚ್ಚು, ಆಳ ಕಡಿಮೆ. 50ರಲ್ಲಿ ಸದ್ದಿನ ಒಂದು ಅಲೆಯ ಉದ್ದ 3 ಸೆಂಟಿಮೀಟರ್. 200ರಲ್ಲಿ ಮುಕ್ಕಾಲು ಸೆಂಟಿಮೀಟರ್. ನಾವು ದುಡಿಯುವ ನೀರು ಹೆಚ್ಚೆಂದರೆ 20-25 ಮಾರು. ಅದಕ್ಕೆ 200 ಧಾರಾಳ. ಜೊತೆಗೆ 77 ಅಥವಾ 83 ಇದ್ದರೆ ಅಗಲಕ್ಕೆ ಹುಡುಕಲು ಅನುಕೂಲ, ಎರಡೂ ಇರುವುದನ್ನೇ ಆರಿಸಿ. ಚಿರ್ಪ್ ಎಂದು ಬರೆದಿದ್ದರೆ ಒಂದೇ ಸದ್ದಿನ ಬದಲು ಒಂದು ಶ್ರೇಣಿಯಷ್ಟು ಸದ್ದನ್ನು ಬಿಡುತ್ತದೆ ಎಂದರ್ಥ. ಒತ್ತೊತ್ತಾಗಿರುವ ಮೀನುಗಳನ್ನೂ, ತಳಕ್ಕೆ ಹತ್ತಿರವಿರುವುದನ್ನೂ ಬಿಡಿಸಿ ತೋರಿಸುತ್ತದೆ. ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನು ಕೊಳ್ಳುವುದು ಒಳ್ಳೆಯದು. ಸಾವಿರಾರು ಅಡಿ ಕಾಣುತ್ತದೆ ಎಂದು ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಸಿಹಿನೀರಿನ ಲೆಕ್ಕ. ಉಪ್ಪುನೀರು ಸದ್ದನ್ನು ಹೆಚ್ಚು ಹೀರುತ್ತದೆ, ಕಡಲಿನಲ್ಲಿ ಅದರ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಏನೇ ಇರಲಿ, ನಮಗೆ ಬೇಕಿಲ್ಲದ ಆಳಕ್ಕೆ ದುಡ್ಡು ಕೊಡುವುದೇಕೆ?

ಇಕ್ಕೆಲಗಳನ್ನೂ ನೋಡುವ ಸೈಡ್ ಸ್ಕ್ಯಾನ್ ಈಗ ಬೇಡ. ಅದನ್ನು ಓದಲು ಸಮುದ್ರ ಶಾಂತವಾಗಿರಬೇಕು, ದೋಣಿ ನೇರ ಹೋಗಬೇಕು. ಆಷಾಢದ ಅಲೆಯಲ್ಲಿ ಅದು ನಡೆಯದು. ಗಾಳದ ದಾರಕ್ಕೆ ಕಟ್ಟಿ ಎಸೆದು ಮೊಬೈಲಿನಲ್ಲಿ ನೋಡುವ ಚೆಂಡಿನಂಥವು ಕೆರೆಗೆ, ಹಿನ್ನೀರಿಗೆ ಸರಿ. ಕಡಲಿಗಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಂಪನಿಯವರು ಕೊಡುವ ಚಿತ್ರದಲ್ಲಿ ಟ್ರಾನ್ಸ್‌ಡ್ಯೂಸರನ್ನು ದೋಣಿಯ ಹಿಂಬದಿಯ ಹಲಗೆಗೆ ತಿರುಪು ಹಾಕಿ ಕೂರಿಸಿರುತ್ತಾರೆ. ಅಲ್ಲಿಯ ದೋಣಿ ಜೆಟ್ಟಿಗೆ ಕಟ್ಟಿಕೊಂಡಿರುತ್ತದೆ. ನಿಮ್ಮ ದೋಣಿ ದಿನವೂ ಹೊಯ್ಗೆಯ ಮೇಲೆ ಏರುತ್ತದೆ, ಇಳಿಯುತ್ತದೆ; ಹತ್ತು ಜನ ಸೇರಿ ಎಳೆಯುತ್ತೀರಿ. ಹಿಂದೆ ಜೋತುಬಿದ್ದ ತುಂಡು ಮೊದಲ ವಾರದಲ್ಲೇ ಮುರಿಯುತ್ತದೆ. ಮುರಿಯದೆ ಉಳಿದರೆ ಬಲೆಯ ಕಣ್ಣು ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಮಾಟುಬಲೆ ಬಿಡುವ ಗಡಿಬಿಡಿಯಲ್ಲಿ ಅದನ್ನು ಬಿಡಿಸುತ್ತ ಕೂರುವುದು ಅಪಾಯ. ದೋಣಿಯ ಒಳಗೇ ಅಂಟಿಸಿಬಿಡುತ್ತೇವೆ ಎನ್ನುವವರೂ ಇದ್ದಾರೆ. ಗಟ್ಟಿ ಫೈಬರ್ ಒಂದೇ ಇರುವ ಕಡೆ ಸದ್ದು ದಾಟುತ್ತದೆ, ಸ್ವಲ್ಪ ಬಲ ಕಳೆದುಕೊಂಡರೂ ಸರಿ. ಪ್ಲೈವುಡ್ ಮೇಲೆ ಫೈಬರ್ ಹೊದೆಸಿದ ದೋಣಿಯಲ್ಲಿ, ಮರದ ದೋಣಿಯಲ್ಲಿ ಅದು ಆಗದ ಕೆಲಸ. ಮರದೊಳಗಿನ ಗಾಳಿ ಸದ್ದನ್ನು ನುಂಗಿಬಿಡುತ್ತದೆ.

ನಮ್ಮ ದೋಣಿಗೆ ಒಪ್ಪುವುದು ಎತ್ತಿ ಇಳಿಸುವ ಪೈಪು. ಒಂದೂಕಾಲು ಇಂಚಿನ ಸ್ಟೀಲ್ ಪೈಪಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಬಿಗಿದು, ಕೇಬಲನ್ನು ಪೈಪಿನ ಒಳಗಿಂದ ಮೇಲಕ್ಕೆ ತನ್ನಿ. ದೋಣಿಯ ಅಂಚಿಗೆ ಒಂದು ಕ್ಲಾಂಪು, ಅದರಲ್ಲೊಂದು ಬೋಲ್ಟು, ಕೈಯಲ್ಲೇ ಸಡಿಲಿಸುವಂತೆ ವಿಂಗ್ ನಟ್ಟು. ಬೋಲ್ಟನ್ನು ಕೀಲಾಗಿಟ್ಟುಕೊಂಡು ಪೈಪು ಹಿಂದಕ್ಕೆ ತಿರುಗಿ ಮಲಗಬೇಕು. ಬಲೆ ಬಿಡುವ ಬದಿಗೆ ಹಾಕಬೇಡಿ, ಎದುರು ಬದಿಗೆ ಹಾಕಿ. ತುಂಡಿನ ಮುಖ ದೋಣಿಯ ತಳಕ್ಕಿಂತ ಒಂದು ಗೇಣು ಕೆಳಗಿರಲಿ, ನೀರಿನ ಮೇಲ್ಮೈಗೆ ಸಮಾನಾಂತರವಾಗಿರಲಿ. ವಾಲಿದ್ದರೆ ಅದು ವಾಲಿದ ಕಡೆ ನೋಡುತ್ತದೆ, ನಿಮಗೆ ಸಿಗುವ ಆಳವೂ ಸುಳ್ಳಾಗುತ್ತದೆ. ನಿಂತ ಪೈಪಿನ ಕೆಳಭಾಗವನ್ನು ಒಂದು ತೆಳ್ಳಗಿನ ದಾರದಿಂದ ಮುಂದಕ್ಕೆ ಎಳೆದು ಕಟ್ಟಿ. ಮರದ ದಿಮ್ಮಿಯೋ ಹೊಯ್ಗೆಯ ದಿಬ್ಬವೋ ಬಡಿದರೆ ಹರಿಯಬೇಕಾದ್ದು ಆ ದಾರ. ಪೈಪು ಹಿಂದಕ್ಕೆ ಎದ್ದು ಉಳಿದುಕೊಳ್ಳುತ್ತದೆ. ದಪ್ಪ ಹಗ್ಗದಲ್ಲಿ ಗಟ್ಟಿಯಾಗಿ ಬಿಗಿದರೆ ಅಂಚಿನ ಹಲಗೆಯೇ ಕಿತ್ತುಬರಬಹುದು. ವೇಗವಾಗಿ ಹೋಗುವಾಗ ಪೈಪನ್ನು ಎತ್ತಿಡಿ, ಹುಡುಕುವಾಗ ನಿಧಾನಕ್ಕೆ ಇಳಿಸಿ.

ಟ್ರಾನ್ಸ್‌ಡ್ಯೂಸರ್ ಎಂಜಿನ್ನಿನ ಫ್ಯಾನಿನಿಂದ (ಪ್ರೊಪೆಲ್ಲರ್) ಕನಿಷ್ಠ ಒಂದೂವರೆ ಅಡಿ ದೂರ, ಸಾಧ್ಯವಿದ್ದರೆ ಇನ್ನೂ ಮುಂದಕ್ಕಿರಲಿ. ಫ್ಯಾನು ಎಬ್ಬಿಸುವ ಗಾಳಿಗುಳ್ಳೆ ಯಂತ್ರಕ್ಕೆ ದೊಡ್ಡ ಶತ್ರು. ಗುಳ್ಳೆಯಲ್ಲಿ ಸದ್ದು ದಾಟುವುದಿಲ್ಲ. ಕೇಬಲ್ ಸ್ಪಾರ್ಕ್ ಪ್ಲಗ್ಗಿನ ವಯರಿಗೆ ತಾಗದಂತೆ ಬೇರೆ ದಾರಿಯಲ್ಲಿ ತನ್ನಿ. ಉದ್ದವಾಯಿತೆಂದು ಕತ್ತರಿಸಬೇಡಿ, ಸುರುಳಿ ಸುತ್ತಿಡಿ. ವಾರಕ್ಕೊಮ್ಮೆ ತುಂಡಿನ ಮುಖವನ್ನು ಸೋಪಿನ ನೀರಿನಲ್ಲಿ ಒರೆಸಿ. ಪಾಚಿ, ಚಿಪ್ಪು ಹಿಡಿದರೆ ಹೊಸ ಯಂತ್ರವೂ ಕುರುಡಾಗುತ್ತದೆ.

ಬ್ಯಾಟರಿಯ ಲೆಕ್ಕ ಸುಲಭ. ನಾಲ್ಕೈದು ಇಂಚಿನ ಯಂತ್ರ ಅರ್ಧ ಆಂಪಿಯರ್ ಎಳೆಯುತ್ತದೆ ಎಂದು ಹಿಡಿಯಿರಿ. 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ 14 ಗಂಟೆ ಬರಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ, ಆದ್ದರಿಂದ 7 ಗಂಟೆ ಎಂದೇ ಎಣಿಸಿ. ರಾತ್ರಿಯೆಲ್ಲ ಕಡಲಲ್ಲಿರುವವರು ಅದರ ಎರಡರಷ್ಟು ದೊಡ್ಡದು ಕೊಳ್ಳಲಿ. ಪ್ಲಸ್ ವಯರಿಗೆ ಫ್ಯೂಸ್ ಹಾಕದೆ ಯಾರೂ ಜೋಡಿಸಬೇಡಿ. ಬ್ಯಾಟರಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ದೋಣಿಗೆ ಕಟ್ಟಿ, ತುದಿಗಳಿಗೆ ಗ್ರೀಸ್ ಹಚ್ಚಿ. ಯಂತ್ರದ ಮೇಲೆ ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು. ಆದರೆ ಉಪ್ಪು ತಿನ್ನುವುದು ಹಿಂದಿನ ಪ್ಲಗ್ಗಿನ ಪಿನ್ನುಗಳನ್ನು. ದಡಕ್ಕೆ ಬಂದ ಕೂಡಲೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಜಿಪಿಎಸ್ ಇಲ್ಲದ ಯಂತ್ರವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಿಮ್ಮ ಹಿರಿಯರು ಹಗ್ಗಕ್ಕೆ ಗುಂಡು ಕಟ್ಟಿ ಮಾರು ಎಣಿಸಿ, ಗುಡ್ಡಕ್ಕೂ ದೀಪಸ್ತಂಭಕ್ಕೂ ಗೆರೆ ಹಿಡಿದು, ಕಲ್ಲು ಎಲ್ಲಿದೆ ಎಂದು ತಲೆಯಲ್ಲಿಟ್ಟುಕೊಂಡಿದ್ದರು. ಅವರಲ್ಲಿ ಎಷ್ಟೋ ಜನ ಈಗ ದೋಣಿ ಹತ್ತುತ್ತಿಲ್ಲ. ಮಳೆ ಕವಿದ ದಿನ ಗುಡ್ಡವೂ ಕಾಣುವುದಿಲ್ಲ. ಫೈಂಡರಿನಲ್ಲಿ ಕಲ್ಲು ಕಂಡ ಕ್ಷಣ ಒಂದು ಗುಂಡಿ ಒತ್ತಿದರೆ ಆ ಜಾಗ ಗುರುತಾಗಿ ಉಳಿಯುತ್ತದೆ. ಕಂತಬಲೆ ಎಲ್ಲಿ ಹರಿಯಿತೋ ಅದನ್ನೂ ಗುರುತು ಹಾಕಿ. ಒಂದು ಬಲೆ ಉಳಿದರೆ ಯಂತ್ರದ ದುಡ್ಡಿನಲ್ಲಿ ಎಷ್ಟೋ ಪಾಲು ಬಂದಂತೆ. ಗುರುತನ್ನು ಡೈರಿಯಲ್ಲೂ ಬರೆದಿಡಿ, ಡಿಗ್ರಿ, ಮಿನಿಟು, ದಶಮಾಂಶದ ಮೂರು ಅಂಕಿಯವರೆಗೆ. ಉತ್ತರ-ದಕ್ಷಿಣಕ್ಕೆ ಒಂದು ಮಿನಿಟು ಎಂದರೆ 1,852 ಮೀಟರ್. ಮೂರನೆಯ ಅಂಕಿ ಬಿಟ್ಟರೆ ಹತ್ತಿಪ್ಪತ್ತು ಮೀಟರ್ ಹೆಚ್ಚುಕಡಿಮೆಯಾಗಿ ಸಣ್ಣ ಕಲ್ಲು ತಪ್ಪಿಹೋಗುತ್ತದೆ. ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಸಮುದ್ರ ತಣ್ಣಗಿರುವ ದಿನ ಕರೆದುಕೊಂಡು ಹೋಗಿ, ಅವರು ತೋರಿಸಿದ ಜಾಗವನ್ನೆಲ್ಲ ಗುರುತು ಹಾಕಿಕೊಳ್ಳಿ. ಅವರ ತಲೆಯಲ್ಲಿರುವುದು ಯಾವ ಅಂಗಡಿಯಲ್ಲೂ ಸಿಗದು.

ತಳ ಓದುವುದಕ್ಕೆ ಒಂದು ಉಪಾಯ. ಕೆಸರು ಸದ್ದನ್ನು ಹೀರುತ್ತದೆ, ಸ್ಕ್ರೀನಿನಲ್ಲಿ ತಳದ ಗೆರೆ ಮಾಸಲು. ಕಲ್ಲು, ಗಟ್ಟಿ ಹೊಯ್ಗೆ ಸದ್ದನ್ನು ಜೋರಾಗಿ ತಿರುಗಿಸುತ್ತವೆ, ಗೆರೆ ದಟ್ಟ ಬಣ್ಣದ್ದು. ತಳ ಗಟ್ಟಿಯಿದ್ದರೆ ಆ ಸದ್ದು ನೀರಿನ ಮೇಲ್ಮೈಗೆ ಬಡಿದು ಮತ್ತೆ ತಳಕ್ಕೆ ಹೋಗಿ ಬಂದು, 10 ಮಾರು ನೀರಿನಲ್ಲಿ 20 ಮಾರಿಗೆ ಇನ್ನೊಂದು ಗೆರೆ ಬರೆಯುತ್ತದೆ. ಆ ಎರಡನೆಯ ಗೆರೆ ಕಂಡರೆ ಕೆಳಗೆ ಗಟ್ಟಿ ನೆಲ ಎಂದೇ ತಿಳಿಯಿರಿ. ಆದರೆ ಯಂತ್ರ ತಾನಾಗಿ ತಳದವರೆಗೆ ಮಾತ್ರ ತೋರಿಸುತ್ತಿರುತ್ತದೆ, ಎರಡನೆಯ ಗೆರೆ ಸ್ಕ್ರೀನಿನ ಹೊರಗೆ ಉಳಿಯುತ್ತದೆ. ರೇಂಜನ್ನು ಕೈಯಿಂದ 25 ಮಾರಿಗೆ ಇಡಿ. ಅಳತೆಯನ್ನು ಫ್ಯಾದಮ್‌ಗೆ ಬದಲಿಸಿಕೊಳ್ಳಿ. ಒಂದು ಫ್ಯಾದಮ್ 6 ಅಡಿ, ಹೆಚ್ಚುಕಡಿಮೆ ನಮ್ಮ ಮಾರೇ.

ಮೀನು ಕಾಣುವ ಬಗ್ಗೆ ಒಂದೆರಡು ಮಾತು. ಸ್ಕ್ರೀನಿನ ಬಲ ಅಂಚು ಮಾತ್ರ ಈಗಿನದು, ಎಡಕ್ಕೆ ಸರಿದಿರುವುದೆಲ್ಲ ಆಗಲೇ ಹಿಂದೆ ಹೋದದ್ದು. ಮೀನಿನ ಚಿತ್ರ ಬರುವ ವ್ಯವಸ್ಥೆಯನ್ನು ಮೊದಲ ದಿನವೇ ಬಂದ್ ಮಾಡಿ. ಕಸ, ಗುಳ್ಳೆ, ಜೆಲ್ಲಿ ಮೀನು ಎಲ್ಲವನ್ನೂ ಅದು ಮೀನೆಂದೇ ಬರೆಯುತ್ತದೆ. ಮೀನಿನ ಮೈಯಿಂದ ಮರಳುವ ಸದ್ದಿನ ಬಹುಪಾಲು ಬರುವುದು ಅದರ ಹೊಟ್ಟೆಯ ಗಾಳಿಚೀಲದಿಂದ. ಬೂತಾಯಿಗೆ ಆ ಚೀಲವಿದೆ, ಹಿಂಡು ಇದ್ದರೆ ಗಟ್ಟಿ ಮೋಡದಂತೆ ಕಾಣುತ್ತದೆ. ಅಂಜಲಿಗೆ ಅದಿಲ್ಲ. ತಾಟೆಗಿಲ್ಲ, ಬೊಂಡಾಸಿಗಿಲ್ಲ, ಸಿಗಡಿಗಂತೂ ಇಲ್ಲ. ಹಾಗಾಗಿ ಅಷ್ಟು ಬೆಲೆಯ ಅಂಜಲು ದೋಣಿಯ ಕೆಳಗೇ ಹೋದರೂ ಸ್ಕ್ರೀನಿನಲ್ಲಿ ಮಸುಕು ಗೀರು ಮಾತ್ರ ಬೀಳುತ್ತದೆ. ನಂಗ್, ತೊರಕೆಯಂತೆ ನೆಲಕ್ಕೆ ಅಂಟಿಕೊಂಡವು ತಳದ ಗೆರೆಯೊಳಗೇ ಮುಚ್ಚಿಹೋಗುತ್ತವೆ. ಸ್ಕ್ರೀನ್ ಖಾಲಿ ಕಂಡಿತೆಂದು ನಿಮ್ಮ ಲೆಕ್ಕದ ಜಾಗ ಬಿಟ್ಟು ಬರಬೇಡಿ. ತೂಫಾನಿನ ಮರುದಿನ ಕದಡಿದ ಕೆಸರು, ಹೊಳೆಯಿಂದ ಬಂದ ಕೆಂಪು ನೀರು ನಡುನೀರಿನಲ್ಲಿ ಪಟ್ಟಿಯಂತೆ ಕಾಣುವುದೂ ಉಂಟು. ಅದು ಮೀನಲ್ಲ.

ಇನ್ನೊಂದು ಮಾತನ್ನು ಹೇಳದೆ ಈ ಪತ್ರ ಮುಗಿಸಲಾರೆ, ಅಳಿವೆಯ ಮಾತು. ಗಂಗೊಳ್ಳಿಯ ಅಳಿವೆಯಲ್ಲಿ ಹೊಯ್ಗೆ ದಿಬ್ಬ ಸರಿಯುತ್ತಲೇ ಇರುತ್ತದೆ. ಯಂತ್ರ ಬಂದ ಮೇಲೆ ಆಳ ನೋಡಿಕೊಂಡು ದಾಟಬಹುದು ಎಂದು ಹುಡುಗರು ಹೇಳುವುದನ್ನು ಕೇಳಿದ್ದೇನೆ. ದಯವಿಟ್ಟು ಆ ಧೈರ್ಯ ಬೇಡ. ಅಲೆ ಒಡೆಯುವ ಕಡೆ ನೀರೆಲ್ಲ ನೊರೆ, ನೊರೆಯೆಲ್ಲ ಗಾಳಿ. ಸದ್ದು ಕೆಳಕ್ಕೆ ಇಳಿಯುವುದೇ ಇಲ್ಲ. ಸ್ಕ್ರೀನಿನಲ್ಲಿ ಅಂಕಿ ಮಾಯವಾಗುತ್ತದೆ, ಇಲ್ಲವೇ ಹಿಂದೆ ಕಂಡ ಆಳವೇ ನಿಂತುಬಿಡುತ್ತದೆ. ಕಂಡರೂ ಅದು ನೀವು ನಿಂತಿರುವ ಜಾಗದ ಆಳ, ಮುಂದಿನ ದಿಬ್ಬದ್ದಲ್ಲ. ಅಳಿವೆ ದಾಟುವಾಗ ಪೈಪು ಎತ್ತಿಟ್ಟು, ಸ್ಕ್ರೀನಿನ ಕಡೆ ನೋಡದೆ, ಅಲೆಯನ್ನೂ ಜೊತೆಯ ದೋಣಿಗಳನ್ನೂ ನೋಡಿಕೊಂಡು ಹೋಗಿ. ದಿಬ್ಬದ ಆಳ ತಿಳಿಯಬೇಕೆಂದರೆ ನೀರು ನಿಶ್ಚಲವಾಗಿರುವ ದಿನ, ಭರತದಲ್ಲೊಮ್ಮೆ ಇಳಿತದಲ್ಲೊಮ್ಮೆ ಹೋಗಿ ಗುರುತು ಹಾಕಿಕೊಳ್ಳಿ. ಆ ಗುರುತು ಮುಂದಿನ ನೆರೆಯವರೆಗೆ ಮಾತ್ರ ನಂಬಿಕೆಗೆ ಅರ್ಹ. ಲೈಫ್ ಜಾಕೆಟ್ ಇಲ್ಲದ ದೋಣಿಗೆ ಫೈಂಡರ್ ಜೋಡಿಸುವುದಕ್ಕಿಂತ ಮೊದಲು ಲೈಫ್ ಜಾಕೆಟ್ ತನ್ನಿ. ಕೋಸ್ಟ್ ಗಾರ್ಡಿನ ಸಹಾಯದ ನಂಬರ್ 1554, ಅದನ್ನು ಫೈಂಡರಿನ ಡಬ್ಬಿಯ ಮೇಲೇ ಪೇಂಟಿನಲ್ಲಿ ಬರೆಸಿ.

ಸ್ಕ್ರೀನಿನ ವಿಷಯ ಈಗ ಹೇಳಬಹುದು. ನಾಲ್ಕೈದು ಇಂಚು ಸಾಕು. ಅಂಗಡಿಯ ಒಳಗೆ ಎಲ್ಲ ಸ್ಕ್ರೀನೂ ಚೆನ್ನಾಗಿಯೇ ಕಾಣುತ್ತದೆ, ಹೊರಗೆ ಬಿಸಿಲಿಗೆ ತಂದು ಆನ್ ಮಾಡಿಸಿ ನೋಡಿ. ಇಂಚಿಗಿಂತ ಮೇಲಿಂದ ಕೆಳಕ್ಕೆ ಎಷ್ಟು ಪಿಕ್ಸೆಲ್ ಇದೆ ಎಂದು ಕೇಳಿ. 480 ಇದ್ದರೆ 30 ಮೀಟರ್ ನೀರಿನಲ್ಲಿ ಒಂದು ಚುಕ್ಕೆಗೆ 6 ಸೆಂಟಿಮೀಟರ್ ಲೆಕ್ಕ, ಅಷ್ಟು ಚೊಕ್ಕವಿದ್ದರೆ ನಮಗೆ ಧಾರಾಳ. ಬಿಲ್ ಇಲ್ಲದೆ ಕೊಳ್ಳಬೇಡಿ. ಟ್ರಾನ್ಸ್‌ಡ್ಯೂಸರ್ ಹಾಳಾದರೆ ಅದೊಂದೇ ಬಿಡಿಯಾಗಿ ಸಿಗುತ್ತದೆಯೇ, ಎಷ್ಟು ದಿನದಲ್ಲಿ ತರಿಸಿಕೊಡುತ್ತೀರಿ ಎಂದು ಅಂಗಡಿಯವರನ್ನು ಕೇಳಿ, ಉತ್ತರ ತಡವರಿಸಿದರೆ ಮುಂದಿನ ಅಂಗಡಿಗೆ ಹೋಗಿ. ಜುಲೈ ನಡುವೆ ಬಿಡಿಭಾಗಕ್ಕೆ ಕಾಯುತ್ತ ಕೂತರೆ ಋತುವೇ ಮುಗಿದುಹೋಗುತ್ತದೆ.

ಎಲ್ಲರೂ ಒಂದೊಂದು ಕೊಳ್ಳಬೇಕೆಂದೂ ಇಲ್ಲ. ಮಾಟುಬಲೆಗೆ ಜೊತೆಯಾಗಿ ಹೋಗುವ ದೋಣಿಗಳ ತಂಡದಲ್ಲಿ ಮುಂದೆ ಹುಡುಕುತ್ತ ಹೋಗುವ ದೋಣಿಗೆ ಒಂದಿದ್ದರೆ ಈ ವರ್ಷಕ್ಕೆ ಸಾಕು, ಪಾಲು ಹಾಕಿ ತನ್ನಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ನೀರಿನ ಬಿಸಿಯನ್ನೂ ಹಸಿರನ್ನೂ ನೋಡಿ ಮೀನು ಸಿಗಬಹುದಾದ ಜಾಗವನ್ನು ಬಿಟ್ಟಿಯಾಗಿ ತಿಳಿಸುತ್ತದೆ. ಮೋಡವಿಲ್ಲದ ತಿಂಗಳುಗಳಲ್ಲಿ ಎರಡನ್ನೂ ಸೇರಿಸಿ ಬಳಸಿದರೆ ಸುಮ್ಮನೆ ಸುಡುವ ಸೀಮೆಎಣ್ಣೆ ಉಳಿಯುತ್ತದೆ. ಯಂತ್ರ ಮೀನಿನ ಹಿಂಡನ್ನು ತೋರಿಸುತ್ತದೆಯೇ ಹೊರತು ಮರಿಯೋ ಬೆಳೆದದ್ದೋ ಹೇಳುವುದಿಲ್ಲ. ಮೊದಲು ಒಂದು ಸಣ್ಣ ಬಲೆ ಹಾಕಿ ನೋಡಿ, ಮರಿಯಾದರೆ ಬಿಟ್ಟು ಮುಂದೆ ಹೋಗಿ. ಇದನ್ನು ನಾನು ನಿಮಗೆ ಕಲಿಸಬೇಕಾಗಿಲ್ಲ, ಆದರೂ ಬೇಡಿಕೊಳ್ಳುತ್ತೇನೆ.

ಮೇ ತಿಂಗಳಲ್ಲೇ ತಂದು, ನಿಮಗೆ ಚೆನ್ನಾಗಿ ಗೊತ್ತಿರುವ ಕಲ್ಲಿನ ಮೇಲೆ, ಗೊತ್ತಿರುವ ಕೆಸರಿನ ಮೇಲೆ ಹಗಲಿನಲ್ಲಿ ಓಡಿಸಿ ಕಲಿಯಿರಿ. ಪೈಪಿನ ಕ್ಲಾಂಪು ಮಾಡಿಸುವವರು ದೋಣಿಯ ಅಂಚಿನ ದಪ್ಪ ಅಳೆದುಕೊಂಡು ಬನ್ನಿ, ಎರಡು ದಿನದ ಕೆಲಸ. ಜೋಡಿಸಿದ ಮೇಲೆ ಏನಾದರೂ ತೊಂದರೆ ಕಂಡರೆ ಸ್ಕ್ರೀನಿನ ಫೋಟೋ ತೆಗೆದು ತನ್ನಿ, ಕೂತು ನೋಡೋಣ.

ಇಂತಿ,
ಬಂದರಿನ ಬದಿಯಲ್ಲಿ ಎಂಜಿನ್, ಎಲೆಕ್ಟ್ರಿಕ್ ಕೆಲಸ ಮಾಡುವ ನಿಮ್ಮವನೊಬ್ಬ